ಗಿಟಾರಿನ ಚುರುಚುರು ದನಿ ಪಳಗಿದ ಕಥಿ

ಅಕ್ಕಾರ, ವೈನಿಯಾರ, ಕಾಲೇಜಿಗೆ ಹೋಗೋ ಹುಡುಗ್ರು ಇರೋ ಮನ್ಯಾಗ ಈಗ ಒಂದು ಹೊಸಾ ತಕರಾರು. ಎಲೆಕ್ಟ್ರಿಕ್ ಗಿಟಾರ್ ಬಾರಸ್ತಾವ. ಸುರ ಕೇಳೂಕಿಂತ ಮೊದಲ, ಕಾದ ಎಣ್ಯಾಗ ಹಸಿ ಮೆಣಸಿನಕಾಯಿ ಬಿದ್ದಾಂಗ ಚುರ್ರ್ ಅಂತ ಕಿವಿಗೆ ಬಡೀತೈತಿ. ನಾವು "ಬಂದ್ ಮಾಡೋ" ಅಂದ್ರ ಅವು ಬಾಗಲಾ ಹಾಕ್ಕೊಂಡು ಕುಂಡ್ರತಾವ. ಆದ್ರ ಆ ಚುರುಚುರು ಎಲ್ಲಿಂದ ಬಂತು ಅಂತ ತಿಳಕೊಂಡ್ರ, ಗಿಟಾರ್ ಬಂದ್ ಮಾಡಸೂದು ಬ್ಯಾಡ.

ಮೊದಲು ಗಿಟಾರಿನ ದನಿ ಒಡೀಬಾರ್ದು ಅಂತ ಎಲ್ಲಾರೂ ಜ್ವಾಕಿ ಮಾಡತಿದ್ರು. ಅಮೇರಿಕಾದ ನ್ಯಾಶ್‌ವಿಲ್‌ದಾಗ ಮಾರ್ಟಿ ರಾಬಿನ್ಸ್ ಅನ್ನೋ ಹಾಡುಗಾರನ ರೆಕಾರ್ಡಿಂಗ್ ನಡದಾಗ ಮಶಿನ್ ಕೆಟ್ಟು, ಬೇಸ್ ಗಿಟಾರ್ ಗರ್ರ್ ಅಂತು. ಅದನ್ನ ತಗದು ಒಗೀಲಿಲ್ಲ, ಹಂಗ ಬಿಟ್ರು. 1961ರಾಗ ಆ ಹಾಡು ಭಾಳ ಓಡ್ತು. ಅಲ್ಲಿಯ ಇಂಜಿನಿಯರ್ ಗ್ಲೆನ್ ಸ್ನಾಡಿ ತನ್ನ ಜೋಡಿದಾರನ ಸಂಗಾಟ ಕುಂತು, ಅದ ದನಿ ಬೇಕಂದಾಗ ಬರೂ ಹಾಂಗ ಒಂದು ಪೆಟಿಗಿ ಮಾಡಿದ. 1962ರಾಗ ಗಿಬ್ಸನ್ ಕಂಪನಿ ಅದನ್ನ ಮೆಸ್ಟ್ರೋ ಫಜ್-ಟೋನ್ ಅಂತ ಮಾರಾಕ ತಂತು. 1964ರಾಗ ಲಂಡನ್ನಿನ ಡೇವ್ ಡೇವಿಸ್ ಅಂತೂ ತನ್ನ ಸ್ಪೀಕರಿನ ಕಾಗದಾನ ಬ್ಲೇಡಿನಿಂದ ಕೊಯ್ದು ಬಾರಿಸಿದ!

ದನಿ ಒಡದ್ರ, ತಂತಿಯ ಮೂಲ ಸುರದ ಮ್ಯಾಲ ಅದರ ಎರಡ ಪಟ್ಟು, ಮೂರ ಪಟ್ಟು, ಹತ್ತ ಪಟ್ಟು ಏರಿನ ಸಣ್ಣ ಸಣ್ಣ ಸುರ ಹುಟ್ಟತಾವ. ಕೆಳಗಿನವು ದನಿಗೆ ತೂಕ ಕೊಡ್ತಾವ. ಭಾಳ ಮ್ಯಾಲಿನವು ಚುರ್ರ್ ಅಂತಾವ. ಗಿಟಾರಿನ ಪೆಟಿಗ್ಯಾಗ ಇರೋ 12 ಇಂಚಿನ ಕಾಗದದ ಸ್ಪೀಕರ್, ಸೆಕೆಂಡಿಗೆ ಸುಮಾರು 5000 ಕಂಪನದ ಮ್ಯಾಲಿನ ದನಿನ ಅಷ್ಟಾಗಿ ಹೊರಗ ಬಿಡೂದಿಲ್ಲ. ಹಿಟ್ಟಿನ ಸಾಣಿಗಿ ಇದ್ದಾಂಗ. ರೆಕಾರ್ಡಿಂಗ್ ಮಾಡಾವ್ರು ಮೈಕನ್ನ ಸ್ಪೀಕರಿನ ನಡುವಿನಿಂದ ಅಂಚಿಗೆ ಸರಸಿ ದನಿನ ಇನ್ನಷ್ಟು ಮೆತ್ತಗ ಮಾಡ್ತಾರ. ನಮ್ಮ ಹುಡುಗ್ರು ಗಿಟಾರ್‌ನ ಸೀದಾ ಕಂಪ್ಯೂಟರಿಗೆ ಚುಚ್ಚಿ ಹೆಡ್‌ಫೋನ್‌ದಾಗ ಕೇಳ್ತಾವ. ಸಾಣಿಗೀನ ಇಲ್ಲ, ತವಡೆಲ್ಲಾ ಹಿಟ್ಟಿನ್ಯಾಗ.

ಈ ಕೆಲಸ ನಮ್ಮ ಕಡೆಯವ್ರಿಗೆ ಹೊಸಾದಲ್ಲ. ಮೀರಜದಾಗ ತಂಬೂರಿ ಮಾಡಾವ್ರು ತಲಿಮಾರಿನಿಂದ ಇದನ್ನ ಮಾಡ್ಕೋತ ಬಂದಾರ. ತಂಬೂರಿ ಕುದುರಿ ಮ್ಯಾಲ, ತಂತಿ ಕೆಳಗ ಒಂದು ಎಳಿ ದಾರ ಇಡ್ತಾರ. ಜೀವಾಳಿ ಅಂತಾರ ಅದಕ್ಕ. ದಾರ ಜಾಗಾಕ್ಕ ಕುಂತ್ರ ಝೇಂಕಾರ ತುಂಬಿ ಬರ್ತೈತಿ. ಕೂದಲೆಳಿ ಸರದ್ರ ಗರಗರ, ಇಲ್ಲಾಂದ್ರ ಸಪ್ಪ. ಗಂಗೂಬಾಯಿ ಹಾನಗಲ್ಲರು ಹಾಡುವಾಗ ಹಿಂದ ತುಂಬಿ ನಿಲ್ಲತಿದ್ದುದು ಇಂಥಾ ಝೇಂಕಾರನ.

ಒಡದ ಗಿಟಾರಿನ ದನಿನೂ ನಮ್ಮ ನಾಡಿಗೆ ಬಂದು ಭಾಳ ದಿನ ಆದವು. ಬೆಂಗಳೂರಾಗ ಕ್ರಿಪ್ಟೋಸ್ ಅನ್ನೋ ಮೆಟಲ್ ತಂಡ 1998ರಾಗ ಸುರು ಆತು. 2007ರ ಮಾರ್ಚಿನ್ಯಾಗ ಅಲ್ಲಿಯ ಅರಮನಿ ಮೈದಾನದಾಗ ಇಂಗ್ಲಂಡಿನ ಐರನ್ ಮೇಡನ್ ಬಂದು ಬಾರಿಸಿತು. ಹುಡುಗ್ರು ಬೆನ್ನ ಹತ್ತಿದ್ದು ಹುಚ್ಚಲ್ಲ, ಅದೂ ಒಂದು ವಿದ್ಯಾನ.

ಅದಕ್ಕ ಬೈಯೂ ಬದಲಿ ಹಿಂಗ ಹೇಳ್ರಿ. ಮೊದಲು ಗೇನ್ ಗುಂಡಿ ಅರ್ಧಕ್ಕ ಇಳಸಪಾ, ಅದು ಏರಿದಷ್ಟು ದನಿ ಹೆಚ್ಚು ಒಡೀತೈತಿ. ಕಂಪ್ಯೂಟರದಾಗ ಸ್ಪೀಕರಿನ ನಕಲು ಸಿಗ್ತೈತಿ, ಕ್ಯಾಬ್ ಸಿಮ್ ಅಂತಾರ, ಅದನ್ನ ಹಚ್ಚು. ಆಮ್ಯಾಲೂ ಚುರುಚುರು ಉಳದ್ರ, ಹೈ ಕಟ್ ಅನ್ನೋದನ್ನ 8000ದಿಂದ ಸಾವಕಾಶ ಕೆಳಗ ತಾ. ಕಿವಿಗೆ ಹಿತ ಅನಿಸಿದಲ್ಲೇ ನಿಂದ್ರು. ಭಾಳ ಇಳಸಿದ್ರ ಗಿಟಾರಿಗೆ ಕಂಬಳಿ ಹೊಚ್ಚಿದಾಂಗ ಆಗ್ತೈತಿ.