ಕೃಷ್ಣಾ ಕಣಿವೆ ತಳಿ: ಎರೆ ನೆಲದಲ್ಲಿ ಬೀಜದ ಹೋರಿಯ ಚರಿತ್ರೆ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ ತಾಲ್ಲೂಕುಗಳು ಭೀಮೆಯ ಕಡೆಗಿವೆ. ಬಸವನ ಬಾಗೇವಾಡಿ, ಮುದ್ದೇಬಿಹಾಳ ಕೃಷ್ಣೆಯ ಕಡೆಗಿವೆ. ನಡುವೆ ಡೋಣಿ ಹೊಳೆಯ ಆಳವಾದ ಎರೆ ಭೂಮಿ. ಮಳೆಗೆ ಅಂಟುವ, ಬಿಸಿಲಿಗೆ ಬಿರಿಯುವ ಈ ನೆಲದಿಂದ ಕರಿಕೆಯ ಬೇರು ಕೀಳಲು ಭಾರೀ ನೇಗಿಲಿಗೆ ಹಲವು ಜೋಡಿ ಎತ್ತು ಹೂಡಬೇಕಿತ್ತು. ಕೃಷ್ಣಾ ಕಣಿವೆ ತಳಿ ರೂಪುಗೊಂಡದ್ದು ಇಂಥ ನೆಲದ ಅಗತ್ಯದಿಂದ. ಅದರ ಏಳುಬೀಳುಗಳೆರಡೂ ಬೀಜದ ಹೋರಿಯ ಪಾಲನೆಗೆ ಅಂಟಿಕೊಂಡಿವೆ ಎಂಬುದು ಈ ಲೇಖನದ ವಾದ.

1876–78ರ ಬರಗಾಲ ಈ ಸೀಮೆ ಸೇರಿದ್ದ ಆಗಿನ ಕಲಾದಗಿ ಜಿಲ್ಲೆಯಲ್ಲಿ ಜನರನ್ನೂ ದನಗಳನ್ನೂ ಅಪಾರವಾಗಿ ಬಲಿ ತೆಗೆದುಕೊಂಡಿತ್ತು. ದಕ್ಷಿಣ ಮರಾಠಾ ಸೀಮೆಯ ಸಂಸ್ಥಾನಿಕರು ಹೊಸ ತಳಿ ಕಟ್ಟಿದ್ದು ಅದೇ ಶತಮಾನದ ಉತ್ತರಾರ್ಧದಲ್ಲಿ. ಗೀರ್, ಕಾಂಕ್ರೇಜ್, ಓಂಗೋಲ್ ತಳಿಗಳನ್ನು ಹಳ್ಳಿಕಾರ್ ರಕ್ತವಿದ್ದ ಸ್ಥಳೀಯ ದನಗಳೊಂದಿಗೆ ಕೂಡಿಸಿದರು. ಹುಟ್ಟಿದ್ದು ದೊಡ್ಡ ಮೈಕಟ್ಟಿನ, ಗಿಡ್ಡ ಕತ್ತಿನ, ಬೂದು ಬಿಳುಪಿನ ದನ. ನಡಿಗೆಯಲ್ಲಿ ನಿಧಾನ, ಎಳೆತದಲ್ಲಿ ಗಟ್ಟಿ. ಆಕಳು ಒಂದು ಸೂಲಿಗೆ ಸುಮಾರು 900 ಕಿಲೋ ಹಾಲನ್ನೂ ಕೊಡುತ್ತಿತ್ತು. ಅಮೆರಿಕದ ಬ್ರಾಹ್ಮನ್ ತಳಿಯಲ್ಲೂ ಇದರ ರಕ್ತ ಸೇರಿದೆ.

ನಾಲ್ಕು ಕಡೆಯ ರಕ್ತ ಬೆರೆತ ತಳಿ ತಾನಾಗಿ ಸ್ಥಿರವಾಗಿ ನಿಲ್ಲುವುದಿಲ್ಲ. ಪ್ರತಿ ಪೀಳಿಗೆಯಲ್ಲೂ ತಕ್ಕ ಹೋರಿಯನ್ನು ಆರಿಸಬೇಕು. ಒಂದು ಆಕಳು ವರ್ಷಕ್ಕೆ ಒಂದು ಕರು ಹಾಕಿದರೆ ಹೆಚ್ಚು. ಒಂದು ಹೋರಿ ಇಡೀ ಊರಿನ ಕರುಗಳಿಗೆ ತಂದೆಯಾಗಬಲ್ಲದು. ಸಂಸ್ಥಾನಿಕರ ಆಸ್ಥೆ, ದೇವರ ಹೆಸರಿನಲ್ಲಿ ಹೋರಿ ಬಿಡುವ ಊರಿನ ರೂಢಿ, ಇವೆರಡೂ ಆ ದುಬಾರಿ ಹೊಣೆಯನ್ನು ಒಬ್ಬ ರೈತನ ಹೆಗಲಿನಿಂದ ಇಳಿಸುತ್ತಿದ್ದವು.

ಆಕಳ ಸ್ವಭಾವವೂ ಹೋರಿಯನ್ನೇ ಬೇಡುತ್ತದೆ. ಬೆದೆ ಸುಮಾರು 21 ದಿನಕ್ಕೊಮ್ಮೆ ಬರುತ್ತದೆ, ಕೆಲವೇ ಗಂಟೆ ಇರುತ್ತದೆ. ದೇಶಿ ಆಕಳಲ್ಲಿ ಅದರ ಲಕ್ಷಣಗಳು ಮಂದ. ಎಷ್ಟೋ ಸಲ ರಾತ್ರಿಯೇ ಕಳೆದುಹೋಗುತ್ತವೆ. ಮನುಷ್ಯನ ಕಣ್ಣಿಗೆ ಬೀಳದ್ದನ್ನು ಹೋರಿ ವಾಸನೆಯಿಂದ ಹಿಡಿಯುತ್ತದೆ. ಹೋರಿಯಿಲ್ಲದ ಊರಿನಲ್ಲಿ ಕೃತಕ ಗರ್ಭಧಾರಣೆಗೆ ಹೊತ್ತು ತಪ್ಪಿದರೆ ಮತ್ತೆ ಮೂರು ವಾರ ಕಾಯಬೇಕು.

1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದ ಮೇಲೆ ಆ ಆಶ್ರಯ ತಪ್ಪಿತು. ಆಮೇಲೆ ಟ್ರ್ಯಾಕ್ಟರ್ ಭಾರದ ಉಳುಮೆಯನ್ನು ವಹಿಸಿಕೊಂಡಿತು, ಹಾಲಿಗಾಗಿ ಜರ್ಸಿ, ಹೋಲ್‌ಸ್ಟೀನ್ ಫ್ರೀಸಿಯನ್ (ಎಚ್‌ಎಫ್) ಮಿಶ್ರತಳಿಗಳು ಬಂದವು. ಚುರುಕು ನಡಿಗೆಯ ಖಿಲಾರಿ ತಳಿಗೆ ಮಾತ್ರ ಬೇಡಿಕೆ ಉಳಿಯಿತು. ಆಲಮಟ್ಟಿ, ನಾರಾಯಣಪುರ ಜಲಾಶಯಗಳಲ್ಲಿ ನದಿ ದಂಡೆಯ ಹೊಲ, ಹುಲ್ಲುಗಾವಲುಗಳು ಮುಳುಗಿದವು. ಉಳಿದ ಕೆಲವೇ ಆಕಳುಗಳಿಗೆ ಸ್ವಂತ ತಳಿಯ ಹೋರಿ ಸಿಗದಾದಾಗ ಬೇರೆ ಹೋರಿಯ ಕರುಗಳೇ ಹುಟ್ಟತೊಡಗಿದವು.

ಅಳಿವಿನಂಚಿನ ಕಾಡುಪ್ರಾಣಿಗಳ ಸಂವರ್ಧನೆಯಿಂದ ಇಲ್ಲಿಗೊಂದು ಪಾಠವಿದೆ. ಕೆಂಪು ಪಾಂಡಾ ಹೆಣ್ಣು ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ಚಳಿಗಾಲದಲ್ಲಿ, ಒಂದೆರಡು ದಿನ ಮಾತ್ರ ಬೆದೆಗೆ ಬರುತ್ತದೆ. ಆ ಹೊತ್ತು ತಪ್ಪಿದರೆ ಒಂದು ವರ್ಷವೇ ಹೋಗುತ್ತದೆ. ಹಾಗಾಗಿ ಮೃಗಾಲಯಗಳು ಪ್ರತಿ ಪ್ರಾಣಿಯ ವಂಶಾವಳಿ ಬರೆದಿಟ್ಟು, ಹತ್ತಿರದ ರಕ್ತ ಕೂಡದಂತೆ ಮೊದಲೇ ಜೋಡಿ ಆರಿಸಿಡುತ್ತವೆ. ಇಂಥ ಸಂವರ್ಧನೆಯ ಫಲವಾಗಿ ಡಾರ್ಜಿಲಿಂಗ್‌ನ ಪದ್ಮಜಾ ನಾಯ್ಡು ಹಿಮಾಲಯನ್ ಮೃಗಾಲಯ 2003ರಲ್ಲಿ ತನ್ನಲ್ಲಿ ಬೆಳೆದ ಎರಡು ಹೆಣ್ಣುಗಳನ್ನು ಸಿಂಗಲೀಲಾ ಕಾಡಿಗೆ ಬಿಟ್ಟಿತು.

ಕೃಷ್ಣಾ ಕಣಿವೆ ತಳಿಗೂ ಅಂಥದೇ ವಂಶಾವಳಿಯ ಲೆಕ್ಕ ಬೇಕು. ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋದ ತಳಿಪಟ್ಟಿಯಲ್ಲಿ ಇದರ ಹೆಸರಿದೆ. ಆದರೆ ಹೆಸರಿನಿಂದ ಕರು ಹುಟ್ಟದು. ಯಾವ ಊರಿನಲ್ಲಿ ಯಾವ ಹೋರಿಯಿದೆ, ಅದರ ತಾಯಿ ತಂದೆ ಯಾವುವು ಎಂಬ ದಾಖಲೆ ಬೇಕು. ರಕ್ತಸಂಬಂಧವಿಲ್ಲದ ಹೋರಿಗಳನ್ನು ಊರಿಂದೂರಿಗೆ ಬದಲಿಸಬೇಕು, ಸಾಕುವವನಿಗೆ ಮೇವಿನ ಖರ್ಚು ಸಿಗಬೇಕು. ಹಿಂದೆ ಸಂಸ್ಥಾನವೂ ಊರೂ ಕೂಡಿ ಹೊತ್ತ ಹೊಣೆಯನ್ನು ಇಂದು ಸರ್ಕಾರವೂ ರೈತರೂ ಕೂಡಿ ಹೊರದಿದ್ದರೆ ಈ ತಳಿ ಉಳಿಯದು.