ರಾಮನಗರ: ಕುಟುಂಬ ಸಮೇತ ಒಂದು ದಿನದ ಭೇಟಿಗೆ ಮಾಹಿತಿ

ಬೆಂಗಳೂರಿನಿಂದ ನೈಋತ್ಯಕ್ಕೆ ಸುಮಾರು 50 ಕಿ.ಮೀ. ದೂರದಲ್ಲಿ, ಅರ್ಕಾವತಿ ನದಿಯ ದಡದಲ್ಲಿರುವ ರಾಮನಗರವು ರಾಜಧಾನಿಯ ಹೊರವಲಯದ ಪ್ರಮುಖ ನಗರಗಳಲ್ಲೊಂದಾಗಿರುತ್ತದೆ. 1799ರ ನಂತರ ಮೈಸೂರು ಸಂಸ್ಥಾನದಲ್ಲಿ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಎಂಬುವವರ ಹೆಸರಿನಿಂದ ಈ ಊರಿಗೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಇಲ್ಲಿನ ಬೆಟ್ಟಗಳ ಶಿಲೆಯನ್ನು ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. 2007ರಲ್ಲಿ ರಾಮನಗರ ಜಿಲ್ಲೆ ರಚನೆಯಾಯಿತು. 2025ರಲ್ಲಿ ರಾಜ್ಯ ಸರ್ಕಾರವು ಜಿಲ್ಲೆಯನ್ನು ಬೆಂಗಳೂರು ದಕ್ಷಿಣ ಎಂದು ಮರುನಾಮಕರಣ ಮಾಡಿದ್ದು, ಜಿಲ್ಲಾ ಕೇಂದ್ರವಾಗಿ ರಾಮನಗರವೇ ಮುಂದುವರೆದಿರುತ್ತದೆ.

2023ರಲ್ಲಿ ಬೆಂಗಳೂರು-ಮೈಸೂರು ನಡುವಿನ ಹೊಸ ಹೆದ್ದಾರಿ ಉದ್ಘಾಟನೆಯಾದ ನಂತರ ವಾಹನಗಳು ರಾಮನಗರ ಮತ್ತು ಚನ್ನಪಟ್ಟಣಗಳ ಒಳಗೆ ಬಾರದೆ ಹೊರವರ್ತುಲದಲ್ಲಿಯೇ ಸಾಗಿಹೋಗುತ್ತವೆ. ಮೊದಲು ದಾರಿಯಲ್ಲಿ ಇಳಿದು ನೋಡುತ್ತಿದ್ದ ಸ್ಥಳಗಳು ಈಗ ಉದ್ದೇಶಪೂರ್ವಕವಾಗಿ ತಿರುಗಿದರೆ ಮಾತ್ರ ಕಾಣಸಿಗುತ್ತವೆ. ಆದುದರಿಂದ ಸ್ವಂತ ವಾಹನದಲ್ಲಿ ಬರುವವರು ಬಿಡದಿಯ ನಂತರ ಹಳೆಯ ಹೆದ್ದಾರಿಯಲ್ಲಿಯೇ ಬರುವುದು ಸೂಕ್ತ. ದ್ವಿಚಕ್ರ ವಾಹನ ಹಾಗೂ ಆಟೋರಿಕ್ಷಾಗಳಿಗೆ ಹೊಸ ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ ಪ್ರವೇಶವಿರುವುದಿಲ್ಲ. ಬಸ್ಸಿನಲ್ಲಿ ಬರುವವರು ಹತ್ತುವ ಮುನ್ನ ಅದು ರಾಮನಗರದ ಒಳಗೆ ಹೋಗುವ ಬಸ್ಸೇ ಎಂದು ನಿರ್ವಾಹಕರನ್ನು ವಿಚಾರಿಸತಕ್ಕದ್ದು. ಚಿಕ್ಕ ಮಕ್ಕಳಿರುವ ಕುಟುಂಬಗಳಿಗೆ ಪ್ಯಾಸೆಂಜರ್ ರೈಲು ಹೆಚ್ಚು ಅನುಕೂಲಕರ. ರಾಮನಗರ, ಚನ್ನಪಟ್ಟಣ ಎರಡೂ ಬೆಂಗಳೂರು-ಮೈಸೂರು ಮಾರ್ಗದ ನಿಲ್ದಾಣಗಳಾಗಿವೆ.

ಒಂದೇ ದಿನದಲ್ಲಿ ಎಲ್ಲವನ್ನೂ ನೋಡಬೇಕಾದಲ್ಲಿ ಹೊತ್ತಿನ ಕ್ರಮ ಮುಖ್ಯ. ಮಧ್ಯಾಹ್ನದ ಬಿಸಿಲಿನಲ್ಲಿ ಬೆಟ್ಟ ಹತ್ತಿ, ಸಂಜೆ ಖಾಲಿಯಾದ ಗೂಡಿನ ಮಾರುಕಟ್ಟೆ ನೋಡಿ ಹಿಂತಿರುಗುವವರೇ ಹೆಚ್ಚು. ಬೆಳಿಗ್ಗೆ ಬೆಟ್ಟ, ಅಲ್ಲಿಂದ ನೇರವಾಗಿ ಮಾರುಕಟ್ಟೆ, ಬಿಸಿಲೇರಿದ ಮೇಲೆ ಜಾನಪದ ಲೋಕ, ಸಂಜೆಗೆ ಚನ್ನಪಟ್ಟಣ ಎಂಬ ಕ್ರಮವನ್ನು ಅನುಸರಿಸಬಹುದಾಗಿದೆ.

ರಾಮದೇವರ ಬೆಟ್ಟ

ಪಟ್ಟಣಕ್ಕೆ ಸಮೀಪದಲ್ಲಿರುವ ಈ ಬೆಟ್ಟವು 1975ರಲ್ಲಿ ತೆರೆಕಂಡ 'ಶೋಲೆ' ಹಿಂದಿ ಚಲನಚಿತ್ರದ ಚಿತ್ರೀಕರಣದಿಂದ ದೇಶಾದ್ಯಂತ ಪರಿಚಿತವಾಯಿತು. ಚಿತ್ರಕ್ಕಾಗಿ ನಿರ್ಮಿಸಿದ್ದ ಹಳ್ಳಿಯ ಕುರುಹು ಈಗ ಉಳಿದಿಲ್ಲವಾದ್ದರಿಂದ ಅದನ್ನೇ ಹುಡುಕಿಕೊಂಡು ಬರುವ ಹಿರಿಯರಿಗೆ ನಿರಾಸೆಯಾಗಬಹುದು. ಮಕ್ಕಳಿಗೆ ಬಂಡೆಗಳೇ ಸಾಕಾಗುತ್ತವೆ. ಮೆಟ್ಟಿಲುಗಳ ಹಾದಿಯಲ್ಲಿ ಏರಿದರೆ ಮೇಲೆ ರಾಮದೇವರ ದೇವಾಲಯವಿದ್ದು, ನಿಧಾನವಾಗಿ ಹತ್ತಿದಲ್ಲಿ ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿಗೂ ಕಷ್ಟವಾಗುವುದಿಲ್ಲ. ಮಂಡಿನೋವಿರುವ ಹಿರಿಯರು ಕೆಳಗಿನ ನೆರಳಿನಲ್ಲಿಯೇ ವಿಶ್ರಮಿಸುವುದು ಲೇಸು.

ಬೆಟ್ಟದ ನಿಜವಾದ ಮಹತ್ವ ಅಲ್ಲಿನ ರಣಹದ್ದುಗಳಿಂದ ಬಂದಿರುತ್ತದೆ. ಸುಮಾರು 346 ಹೆಕ್ಟೇರ್ ಪ್ರದೇಶವನ್ನು 2012ರಲ್ಲಿ ರಣಹದ್ದುಗಳ ಅಭಯಾರಣ್ಯವೆಂದು ಘೋಷಿಸಲಾಗಿದೆ. ಕಡಿದಾದ ಬಂಡೆಯ ಚಾಚುಗಳಲ್ಲಿ ಗೂಡು ಮಾಡುವ ಉದ್ದ ಕೊಕ್ಕಿನ ರಣಹದ್ದು ಇಲ್ಲಿನ ಮುಖ್ಯ ಪಕ್ಷಿ. ಜಾನುವಾರುಗಳಿಗೆ ನೋವು ನಿವಾರಕವಾಗಿ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿಯ ಅಂಶವಿರುವ ಕಳೇಬರವನ್ನು ತಿಂದ ರಣಹದ್ದುಗಳು ಮೂತ್ರಪಿಂಡ ವಿಫಲಗೊಂಡು ಸಾಯುತ್ತಿದ್ದವು. ಈ ಕಾರಣದಿಂದ ಭಾರತದಾದ್ಯಂತ ಅವುಗಳ ಸಂಖ್ಯೆ ಕುಸಿಯಿತು. 2006ರಲ್ಲಿ ಜಾನುವಾರುಗಳಿಗೆ ಆ ಔಷಧಿಯ ಬಳಕೆಯನ್ನು ನಿಷೇಧಿಸಲಾಯಿತು. ಆದರೆ ಈ ಹಕ್ಕಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಕೂಗಾಟಕ್ಕೆ ಬೆದರಿ ಗೂಡು ಬಿಟ್ಟೆದ್ದರೆ ಆ ವರ್ಷದ ಮರಿ ಉಳಿಯುವುದು ಕಷ್ಟ. ರಾಮನಗರದಲ್ಲಿ ಉಳಿದಿರುವವು ಬೆರಳೆಣಿಕೆಯಷ್ಟು ಮಾತ್ರವಾದ್ದರಿಂದ ಪ್ರತಿಯೊಂದು ಗೂಡೂ ಲೆಕ್ಕಕ್ಕೆ ಬರುತ್ತದೆ. ಪ್ರವಾಸಿಗರು ಧ್ವನಿವರ್ಧಕ ಬಳಸುವುದು, ಬಂಡೆಗೆ ಕೂಗಿ ಪ್ರತಿಧ್ವನಿ ಕೇಳುವುದು, ಪಟಾಕಿ ಸಿಡಿಸುವುದು, ಗುರುತಿಸಿದ ಹಾದಿಯನ್ನು ಬಿಟ್ಟು ಬಂಡೆ ಏರುವುದು ಇವನ್ನು ಕಟ್ಟುನಿಟ್ಟಾಗಿ ವರ್ಜಿಸತಕ್ಕದ್ದು. ಹದ್ದು ಕಾಣಲೇಬೇಕೆಂಬ ನಿರೀಕ್ಷೆ ಬೇಡ. ದುರ್ಬೀನು ಇದ್ದವರು ಎದುರಿನ ಬಂಡೆಯ ಮೇಲಿನ ಬಿಳಿ ಹಿಕ್ಕೆಯ ಗುರುತುಗಳನ್ನು ಹುಡುಕಿ ತಾಳ್ಮೆಯಿಂದ ಕಾಯಬಹುದು. ಕೋತಿಗಳ ಕಾಟವಿರುವುದರಿಂದ ತಿಂಡಿಯ ಪೊಟ್ಟಣಗಳನ್ನು ಕೈಯಲ್ಲಿ ಹಿಡಿದು ಹತ್ತಬಾರದು.

ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆ

ಏಷ್ಯಾದಲ್ಲಿಯೇ ದೊಡ್ಡದೆಂದು ಹೆಸರಾದ ಈ ಮಾರುಕಟ್ಟೆಯು ಪ್ರವಾಸಿ ತಾಣವಲ್ಲ, ದುಡಿಮೆಯ ಜಾಗ. ಹಾಗಿದ್ದರೂ ಮಕ್ಕಳಿಗೆ ತೋರಿಸಲು ಇದಕ್ಕಿಂತ ಉತ್ತಮ ಪಾಠ ಈ ನಗರದಲ್ಲಿ ಮತ್ತೊಂದಿಲ್ಲ. ಹಿಪ್ಪುನೇರಳೆ ಬೆಳೆದು ಹುಳು ಸಾಕಿದ ರೈತರು ಗೂಡುಗಳನ್ನು ಚೀಲಗಳಲ್ಲಿ ತಂದು ಇಲ್ಲಿ ಹರಡುತ್ತಾರೆ. ಬಿಳಿಯ ಗೂಡು ದ್ವಿತಳಿ, ಹಳದಿಯದು ಮಿಶ್ರತಳಿ. ನೂಲು ಬಿಚ್ಚಾಣಿಕೆದಾರರು ಗೂಡನ್ನು ಕೈಯಲ್ಲಿ ಹಿಡಿದು, ಬೆರಳಿನಿಂದ ಒತ್ತಿ, ಕಿವಿಯ ಬಳಿ ಅಲುಗಾಡಿಸಿ ಗುಣಮಟ್ಟ ನಿರ್ಧರಿಸುತ್ತಾರೆ. ಹಿಂದೆ ಬಾಯಿಮಾತಿನ ಕೂಗಿನಲ್ಲಿ ನಡೆಯುತ್ತಿದ್ದ ಹರಾಜು ಈಗ ವಿದ್ಯುನ್ಮಾನ ಪದ್ಧತಿಯಲ್ಲಿ ನಡೆಯುತ್ತಿದ್ದು, ಖರೀದಿದಾರರು ಮೊಬೈಲ್ ಮೂಲಕ ದರ ನಮೂದಿಸುತ್ತಾರೆ. ದರ ಒಪ್ಪಿಗೆಯಾಗದಿದ್ದಲ್ಲಿ ನಿರಾಕರಿಸಲು ರೈತನಿಗೆ ಅವಕಾಶವಿರುತ್ತದೆ.

ಆದರೆ ಬಹಳ ದಿನ ಕಾಯಲು ಅವನಿಗೆ ಸಾಧ್ಯವಿಲ್ಲ. ಗೂಡಿನೊಳಗಿನ ಕೋಶವು ಚಿಟ್ಟೆಯಾಗಿ ಹೊರಬಂದರೆ ನೂಲು ತುಂಡಾಗುತ್ತದೆ. ಅದಕ್ಕೆ ಮೊದಲೇ ದಿನದಿಂದ ದಿನಕ್ಕೆ ಗೂಡಿನ ತೂಕವೂ ಇಳಿಯುತ್ತದೆ. ತಿಂಗಳಿಗೆ ಹತ್ತಿರದ ದುಡಿಮೆಯ ಬೆಲೆ ಕೆಲವೇ ಗಂಟೆಗಳಲ್ಲಿ ಇತ್ಯರ್ಥವಾಗುವುದನ್ನು ಇಲ್ಲಿ ಕಣ್ಣಾರೆ ನೋಡಬಹುದು. ಮಾರುಕಟ್ಟೆ ಅಧಿಕಾರಿಗಳ ಅನುಮತಿ ಪಡೆದು ಒಳಪ್ರವೇಶಿಸತಕ್ಕದ್ದು. ಹರಾಜಿನ ಸಮಯದಲ್ಲಿ ಗೂಡುಗಳನ್ನು ಮುಟ್ಟುವುದಾಗಲಿ, ರೈತರ ದಾರಿಗೆ ಅಡ್ಡ ನಿಂತು ಛಾಯಾಚಿತ್ರ ತೆಗೆಯುವುದಾಗಲಿ ಕೂಡದು. ಗೂಡಿನ ವಾಸನೆ ಕೆಲವು ಮಕ್ಕಳಿಗೆ ಹಿಡಿಸದಿರಬಹುದು. ಅಂತಹವರಿಗೆ ಹತ್ತು ನಿಮಿಷ ಸಾಕು.

ಜಾನಪದ ಲೋಕ

ಹಳೆಯ ಹೆದ್ದಾರಿಯ ಬದಿಯಲ್ಲಿ, ರಾಮನಗರ ಮತ್ತು ಚನ್ನಪಟ್ಟಣಗಳ ನಡುವೆ ಜಾನಪದ ಲೋಕವಿದೆ. ಐ.ಎ.ಎಸ್. ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡ (1915-2005) ಅವರು ನಿವೃತ್ತಿಯ ನಂತರ ಹಳ್ಳಿಹಳ್ಳಿಗಳಿಂದ ಸಂಗ್ರಹಿಸಿದ ವಸ್ತುಗಳು, ಧ್ವನಿಮುದ್ರಿಕೆಗಳು ಇದಕ್ಕೆ ಆಧಾರವಾಗಿದ್ದು, ಕರ್ನಾಟಕ ಜಾನಪದ ಪರಿಷತ್ತು ಇದನ್ನು ನಡೆಸುತ್ತಿದೆ. 1994ರಲ್ಲಿ ಸಾರ್ವಜನಿಕರಿಗೆ ತೆರೆಯಲಾಯಿತು. ತೊಗಲುಗೊಂಬೆ, ಸೋಮನ ಮುಖ, ಯಕ್ಷಗಾನದ ವೇಷಭೂಷಣ, ಅಡುಗೆ ಮತ್ತು ಬೇಸಾಯದ ಸಲಕರಣೆಗಳು ಇಲ್ಲಿವೆ. ಆಯಗಾರಮಾಳದಲ್ಲಿ ಕಮ್ಮಾರ, ಕುಂಬಾರ ಮೊದಲಾದವರ ಉಪಕರಣಗಳಿದ್ದು, ಸುಗ್ಗಿಯಲ್ಲಿ ಧಾನ್ಯವನ್ನೇ ಕೂಲಿಯಾಗಿ ಪಡೆಯುತ್ತಿದ್ದ ಹಳ್ಳಿಯ ವ್ಯವಸ್ಥೆಯನ್ನು ಮಕ್ಕಳಿಗೆ ವಿವರಿಸಬಹುದು. ಬೀಸುವ ಕಲ್ಲಿನಲ್ಲಿ ರಾಗಿ ಬೀಸಿದ ಅಜ್ಜಿಯೊಬ್ಬರು ಜೊತೆಯಲ್ಲಿದ್ದರೆ ಬೇರೆ ಮಾರ್ಗದರ್ಶಿಯ ಅಗತ್ಯವೇ ಇರುವುದಿಲ್ಲ. ಮಂಗಳವಾರ ರಜೆಯಿರುತ್ತದೆ. ಕನಿಷ್ಠ ಎರಡು ಗಂಟೆ ಮೀಸಲಿಡುವುದು.

ಚನ್ನಪಟ್ಟಣದ ಬಣ್ಣದ ಗೊಂಬೆಗಳು

ರಾಮನಗರದಿಂದ ಸುಮಾರು 12 ಕಿ.ಮೀ. ದೂರದ ಚನ್ನಪಟ್ಟಣದ ಗೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಒಣಗಿಸಿದ ಹಾಲೆ ಮರದ ತುಂಡನ್ನು ಲೇತ್ ಯಂತ್ರದಲ್ಲಿ ತಿರುಗಿಸಿ ಉಳಿಯಿಂದ ರೂಪ ಕೊಡುತ್ತಾರೆ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ ಉಜ್ಜಾಟದ ಬಿಸಿಗೆ ಅರಗು ಕರಗಿ ಮೈಗೆ ಹತ್ತಿಕೊಳ್ಳುತ್ತದೆ. ತಾಳೆಗರಿಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಕೆಲಸ ನಡೆಯುವ ಮನೆಗಳಲ್ಲಿ ವಿನಯದಿಂದ ಕೇಳಿದರೆ ಸಾಮಾನ್ಯವಾಗಿ ತೋರಿಸುತ್ತಾರೆ. ತೋರಿಸಿದವರಿಂದಲೇ ಒಂದು ಬುಗುರಿಯನ್ನಾದರೂ ಕೊಳ್ಳುವುದು ಮರ್ಯಾದೆ. ಹೆದ್ದಾರಿ ಬದಿಯ ಅಂಗಡಿಗಳಲ್ಲಿ ಹೊರಗಿನಿಂದ ತಂದ ಪ್ಲಾಸ್ಟಿಕ್ ಆಟಿಕೆಗಳೂ ಬೆರೆತಿರುತ್ತವೆ. ಸಣ್ಣ ಮಕ್ಕಳು ಬಾಯಿಗೆ ಹಾಕಿಕೊಳ್ಳುವ ಗಿಲಕಿಯನ್ನು ಕೊಳ್ಳುವಾಗ ಅರಗಿನ ಬಣ್ಣದ್ದೇ, ಪೇಂಟ್ ಬಳಿದದ್ದೇ ಎಂದು ವಿಚಾರಿಸಿ ಕೊಳ್ಳತಕ್ಕದ್ದು.

ಇತರೆ

ಬಿಡದಿಯ ತಟ್ಟೆ ಇಡ್ಲಿ ಬೆಳಗಿನ ಉಪಾಹಾರಕ್ಕೆ ಪ್ರಸಿದ್ಧ. ಬಿಡದಿ ಬಳಿಯ ವಂಡರ್‌ಲಾ ಮನರಂಜನಾ ಉದ್ಯಾನಕ್ಕೆ ಪೂರ್ತಿ ದಿನ ಬೇಕಾಗುವುದರಿಂದ ಅದನ್ನು ಈ ಭೇಟಿಯೊಂದಿಗೆ ಸೇರಿಸದಿರುವುದು ಒಳ್ಳೆಯದು. ಕಣ್ವ ಮತ್ತು ಮಂಚನಬೆಲೆ ಜಲಾಶಯಗಳನ್ನು ದಡದಿಂದ ನೋಡಬಹುದೇ ಹೊರತು ನೀರಿಗೆ ಇಳಿಯಬಾರದು. ಮಂಚನಬೆಲೆಯಲ್ಲಿ ಈಜಲು ಇಳಿದವರು ಮುಳುಗಿ ಮೃತಪಟ್ಟ ಪ್ರಕರಣಗಳು ಹಲವು ಬಾರಿ ಸಂಭವಿಸಿವೆ. ಅಂಚಿನಲ್ಲಿ ಕೆಸರಿದ್ದು, ಆಳ ಹೊರಗೆ ಕಾಣುವುದಿಲ್ಲ. ಚನ್ನಪಟ್ಟಣದಲ್ಲಿ ಸಂಜೆ ಮುಗಿಸುವವರು ಅಲ್ಲಿನ ನಿಲ್ದಾಣದಿಂದಲೇ ಬೆಂಗಳೂರಿಗೆ ಹಿಂತಿರುಗಬಹುದು. ರೈಲಿನ ವೇಳೆಯನ್ನು ಬೆಳಿಗ್ಗೆಯೇ ಖಚಿತಪಡಿಸಿಕೊಳ್ಳಲು ಕೋರಲಾಗಿದೆ.