ಬಾಕಿ ಹೊತ್ತ ಖಾತೆ: ಕಡತದಿಂದ ಸಿಬಿಲ್‌ವರೆಗೆ

ಹಿಂಗಣಾ ರಸ್ತೆಯ ಎಂಐಡಿಸಿ ವಸಾಹತಿನಲ್ಲಿ ಯಂತ್ರಗಳ ಬಿಡಿಭಾಗ ತಯಾರಿಸುವ ಸಣ್ಣ ವರ್ಕ್‌ಶಾಪೊಂದನ್ನು ನಡೆಸುತ್ತಿರುವ ನಮ್ಮ ಬಳಗದ ಹಿರಿಯ ಮಿತ್ರರೊಬ್ಬರು ಈಚೆಗೆ ಬ್ಯಾಂಕು ಬದಲಿಸಲು ಹೊರಟರು. ನಮ್ಮ ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕೊಂದರ ನಾಗಪುರದ ಶಾಖೆಯಲ್ಲಿ ಅವರ ಖಾತೆ ಇಪ್ಪತ್ತೈದು ವರ್ಷ ನಡೆದಿತ್ತು. ವಿಲೀನದ ಬಳಿಕ ಬಾಗಿಲ ಮೇಲಿನ ಹೆಸರು ಬದಲಾಯಿತು. ಕನ್ನಡದಲ್ಲಿ ಕುಶಲ ವಿಚಾರಿಸುತ್ತಿದ್ದ ಮ್ಯಾನೇಜರು ವರ್ಗವಾಗಿ ಹೋದರು. ಇನ್ನು ಇಲ್ಲಿಯೇ ಇರಬೇಕಾದ ಕಾರಣವಿಲ್ಲವೆಂದು ಅವರು ಮನೆಗೆ ಹತ್ತಿರದ ಇನ್ನೊಂದು ಬ್ಯಾಂಕಿಗೆ ಅರ್ಜಿ ಕೊಟ್ಟರು. ಹದಿನೈದು ದಿನಗಳ ಮೇಲೆ ಉತ್ತರ ಬಂತು: ಓವರ್‌ಡ್ರಾಫ್ಟ್ ಖಾತೆ ಪದೇ ಪದೇ ಮಿತಿ ಮೀರಿದೆ, ಆದ್ದರಿಂದ ಆಗದು. “ನಾ ಸಾಲ ಕೇಳಾಕ ಹೋಗಿದ್ದಿಲ್ಲರೀ, ಖಾತೆ ಬದಲಿ ಮಾಡಾಕ ಹೋಗಿದ್ದೆ” ಎಂದು ಅವರು ಕೂಟದಲ್ಲಿ ನೊಂದು ನುಡಿದರು.

ಈ ಮಾತಿನಲ್ಲಿರುವ ಗೊಂದಲ ಅವರೊಬ್ಬರದಲ್ಲ. ಖಾತೆಯೆಂದರೆ ನಮ್ಮದು, ಸಾಲವೆಂದರೆ ಬ್ಯಾಂಕಿನದು ಎಂದು ನಾವು ಭಾವಿಸುತ್ತೇವೆ. ಓವರ್‌ಡ್ರಾಫ್ಟಿನಲ್ಲಿ ಇವೆರಡೂ ಒಂದೇ. ಅಂಥ ಖಾತೆಯನ್ನು ಬೇರೆಡೆಗೆ ಒಯ್ಯುವುದೆಂದರೆ, ಹಳೆಯ ಬ್ಯಾಂಕಿನ ಬಾಕಿಯನ್ನು ನೀವು ತೀರಿಸಿ ನನ್ನನ್ನು ನಿಮ್ಮ ಸಾಲಗಾರನನ್ನಾಗಿ ಮಾಡಿಕೊಳ್ಳಿ ಎಂದು ಹೊಸ ಬ್ಯಾಂಕನ್ನು ಕೇಳುವುದೇ ಆಗಿದೆ. ಆಗ ಹೊಸಬರು ಕೇಳುವ ಪ್ರಶ್ನೆ ಹಳೆಯದು: ಈತನ ನಡತೆಯನ್ನು ಬಲ್ಲವರು ಯಾರು?

ನಮ್ಮ ನಾಡಿನಲ್ಲಿ ಆ ಅರಿವು ಬಹುಕಾಲ ಅಂಗಡಿಯ ಕಡತದಲ್ಲಿತ್ತು. ಹುಣಿಸೆಬೀಜದ ಅಂಟು ಮತ್ತು ಇದ್ದಿಲ ಪುಡಿಯನ್ನು ಬಟ್ಟೆಗೆ ಬಳಿದು, ಒಣಗಿಸಿ, ಮಡಿಸಿ ಮಾಡುತ್ತಿದ್ದ ಕಪ್ಪು ಪುಸ್ತಕವದು. ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಬರೆದುದನ್ನು ಅಳಿಸಬಹುದಾಗಿತ್ತು, ಅಳಿಸಿದೆಡೆ ಮತ್ತೆ ಬರೆಯಬಹುದಾಗಿತ್ತು. ಬರೆದವನೂ ಬಾಕಿದಾರನೂ ಒಂದೇ ಊರಿನವರಾದ್ದರಿಂದ ಮಳೆ ಕೈಕೊಟ್ಟದ್ದು, ಮನೆಯಲ್ಲಿ ಮದುವೆ ನಡೆದದ್ದು ಇಬ್ಬರಿಗೂ ಗೊತ್ತು. ಆ ಅರಿವು ಕರುಣೆಗೂ ಒದಗುತ್ತಿತ್ತು, ಹಿಡಿತಕ್ಕೂ ಒದಗುತ್ತಿತ್ತು. ಒಬ್ಬ ಸಾಹುಕಾರನ ಬಾಕಿ ತೀರದೆ ಇನ್ನೊಬ್ಬನ ಬಾಗಿಲಿಗೆ ಹೋಗುವುದು ಅಂದೂ ಸುಲಭವಿರಲಿಲ್ಲ.

ಓವರ್‌ಡ್ರಾಫ್ಟಿನ ಮೂಲ ಸ್ಕಾಟ್ಲೆಂಡಿನಲ್ಲಿದೆ. 1728ರಲ್ಲಿ ಎಡಿನ್‌ಬರೋದ ವರ್ತಕ ವಿಲಿಯಂ ಹಾಗ್ ಎಂಬಾತನಿಗೆ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್, ಅವನ ಖಾತೆಯಲ್ಲಿದ್ದುದಕ್ಕಿಂತ 1,000 ಪೌಂಡ್‌ವರೆಗೆ ಹೆಚ್ಚು ಪಡೆಯಲು ಅವಕಾಶ ಕೊಟ್ಟಿತು. ಮಾರಿದ ಸರಕಿನ ಹಣ ಕೈಸೇರುವ ಮೊದಲೇ ಕೊಂಡ ಸರಕಿಗೆ ಹಣ ಕೊಡಬೇಕಾದ ವರ್ತಕನ ತೊಡಕಿಗೆ ಅದು ಪರಿಹಾರವಾಗಿತ್ತು. 1776ರ ತಮ್ಮ ಗ್ರಂಥದಲ್ಲಿ ಆಡಂ ಸ್ಮಿತ್ ಈ ಪದ್ಧತಿಯನ್ನು ವಿವರವಾಗಿ ಪರಿಶೀಲಿಸಿದ್ದಾರೆ. ಇಂಥ ಗಿರಾಕಿಗಳೊಡನೆ ವ್ಯವಹರಿಸುವ ಬ್ಯಾಂಕಿನ ಬೊಕ್ಕಸ ಅವರ ಪಾಲಿಗೆ ಕೆರೆಯಿದ್ದಂತೆ. ಹೊರಹೋಗುವಷ್ಟೇ ನೀರು ಒಳಗೂ ಬರುತ್ತಿದ್ದರೆ ಕಾವಲು ಬೇಡ. ಕೆಲವು ತಿಂಗಳ ಅವಧಿಯಲ್ಲಿ ಗಿರಾಕಿಯ ಮರುಪಾವತಿ ಅವನು ಪಡೆದುದಕ್ಕೆ ಸರಿದೂಗುತ್ತಿದೆಯೇ ಎಂಬುದೊಂದನ್ನು ನೋಡಿದರೆ ಬ್ಯಾಂಕಿಗೆ ಸಾಕು ಎಂಬುದು ಅವರ ಅಭಿಪ್ರಾಯ.

ಒಬ್ಬರು ಬೇಡವೆಂದ ಗಿರಾಕಿಯನ್ನು ಇನ್ನೊಬ್ಬರು ಕರೆದುಕೊಂಡರೆ ಏನಾಗುವುದೆಂಬುದಕ್ಕೂ ಅಲ್ಲೇ ನಿದರ್ಶನವಿದೆ. 1769ರಲ್ಲಿ ಏರ್ ಪಟ್ಟಣದಲ್ಲಿ ಡಗ್ಲಸ್, ಹೆರಾನ್ ಅಂಡ್ ಕಂಪನಿ ಎಂಬ ಬ್ಯಾಂಕು ತೆರೆಯಿತು. ಉಳಿದವರು ಕೈ ಬಿಗಿಹಿಡಿದಿದ್ದಾಗ ಅದು ಧಾರಾಳವಾಗಿ ಸಾಲ ಕೊಟ್ಟಿತು. ಹಳೆಯ ಬ್ಯಾಂಕುಗಳಿಗೆ ತಲೆನೋವಾಗಿದ್ದ ಖಾತೆಗಳ ಭಾರ ಇದರ ಹೆಗಲಿಗೆ ಬಂತು. 1772ರ ಜೂನ್‌ನಲ್ಲಿ ಅದು ಪಾವತಿ ನಿಲ್ಲಿಸಿತು. ಸೋಲು ಹೊಸ ಬ್ಯಾಂಕಿನದಾಯಿತು, ಪಾರಾದವು ಹಳೆಯವು ಎಂದು ಸ್ಮಿತ್ ಗುರುತಿಸಿದ್ದಾರೆ. ಹೊಸ ಗಿರಾಕಿ ಹಳೆಯ ಬ್ಯಾಂಕನ್ನು ಏಕೆ ಬಿಟ್ಟುಬಂದ ಎಂಬ ಶಂಕೆಗೆ ಇಷ್ಟು ಹಿಂದಿನ ಬೇರಿದೆ.

ಭಾರತದಲ್ಲಿ ಈ ಪದ್ಧತಿ ಕ್ಯಾಶ್ ಕ್ರೆಡಿಟ್ ಎಂಬ ಹೆಸರಿನಲ್ಲಿ ಬೇರೂರಿತು. ನಮ್ಮ ಕರಾವಳಿಯ ಬ್ಯಾಂಕುಗಳು ಅದಕ್ಕೆ ಮನುಷ್ಯಪರಿಚಯವನ್ನು ಸೇರಿಸಿದವು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರ ನಿಧಿ, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಬ್ಯಾಂಕು, 1925ರಲ್ಲಿ ಉಡುಪಿಯಲ್ಲೇ ಮುಂದೆ ಸಿಂಡಿಕೇಟ್ ಎನಿಸಿದ ಸಂಸ್ಥೆ ಹುಟ್ಟಿದವು. ಸಿಂಡಿಕೇಟಿನವರು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯಲ್ಲಿ ಏಜೆಂಟನು ಮನೆಬಾಗಿಲಿಗೆ ಬಂದು ಎರಡಾಣೆಯನ್ನೂ ಪಡೆಯುತ್ತಿದ್ದ. ಯಾರ ಅಂಗಡಿಯಲ್ಲಿ ವ್ಯಾಪಾರವಿದೆ, ಯಾರ ಮನೆಯಲ್ಲಿ ಕಾಯಿಲೆಯಿದೆ ಎಂಬುದು ದಿನನಿತ್ಯ ಕಣ್ಣಿಗೆ ಬೀಳುತ್ತಿತ್ತು. ನಮ್ಮ ಮಿತ್ರರ ಚೆಕ್ಕು ಮಿತಿ ಮೀರಿದಾಗಲೂ ಹಳೆಯ ಮ್ಯಾನೇಜರು ಪಾಸು ಮಾಡುತ್ತಿದ್ದುದು ಇಂಥ ಪರಿಚಯದ ಬಲದಿಂದಲೇ.

ಪರಿಚಯವೊಂದೇ ಸಾಲದೆಂಬ ಪಾಠವನ್ನು 1960 ಕಲಿಸಿತು. ನಮ್ಮ ವಿದರ್ಭದ ಅಕೋಲಾದ ಲಕ್ಷ್ಮೀ ಬ್ಯಾಂಕು ಮುಳುಗಿತು. ಹಿಂದೆಯೇ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು ಮುಚ್ಚಿತು. ಠೇವಣಿದಾರರ ಅಳಲಿನಿಂದ 1962ರ ಜನವರಿ 1ರಂದು ಠೇವಣಿ ವಿಮೆ ಬಂತು. ಆಗ ಅದರ ಮಿತಿ 1,500 ರೂಪಾಯಿ. ಅದೇ ವರ್ಷ ರಿಸರ್ವ್ ಬ್ಯಾಂಕ್ ಕಾಯಿದೆಗೆ ಹೊಸ ಅಧ್ಯಾಯ ಸೇರಿ, ಸಾಲಗಾರರ ಮಾಹಿತಿಯನ್ನು ಬ್ಯಾಂಕುಗಳಿಂದ ತರಿಸಿಕೊಂಡು ಕೇಳಿದ ಬ್ಯಾಂಕಿಗೆ ಒದಗಿಸುವ ಅಧಿಕಾರ ದೊರೆಯಿತು. ಅಂದಿನಿಂದ ಸಾಲದ ನೆನಪು ಶಾಖೆಯ ಗೋಡೆಯನ್ನು ದಾಟತೊಡಗಿತು.

ಮಿತಿ ಮೀರುವುದು ರೂಢಿಯಾದ ಖಾತೆಗಳ ಸಮಸ್ಯೆಯೂ ಹೊಸದಲ್ಲ. 1968ರಲ್ಲಿ ನೇಮಕವಾದ ದೆಹೇಜಿಯಾ ಅಧ್ಯಯನ ತಂಡವು, ತಾತ್ಕಾಲಿಕವೆಂದು ಕೊಟ್ಟ ಕ್ಯಾಶ್ ಕ್ರೆಡಿಟ್ಟಿನಲ್ಲಿ ಒಂದು ಪಾಲು ಎಂದೂ ಮರಳದ ಗಟ್ಟಿ ತಿರುಳಾಗಿದೆಯೆಂದು ಕಂಡುಕೊಂಡಿತು. ಆ ಪಾಲನ್ನು ಬೇರ್ಪಡಿಸಿ ಅವಧಿಸಾಲವಾಗಿಸಬೇಕು, ಗಿರಾಕಿ ಒಂದೇ ಬ್ಯಾಂಕಿನೊಡನೆ ವ್ಯವಹರಿಸಬೇಕು ಎಂಬುದು ಅದರ ಸಲಹೆ. 1975ರ ಟಂಡನ್ ಸಮಿತಿಯೂ ಇದೇ ಜಾಡಿನಲ್ಲಿ ನಡೆಯಿತು.

ಉಳಿದುದು ನಮ್ಮ ಕಣ್ಣೆದುರಿನ ಚರಿತ್ರೆ. 2000ದಲ್ಲಿ ಸಿಬಿಲ್ ಸ್ಥಾಪನೆಯಾಯಿತು, 2005ರಲ್ಲಿ ಸಾಲಮಾಹಿತಿ ಕಂಪನಿಗಳ ಕಾಯಿದೆ ಬಂತು. ಮ್ಯಾನೇಜರರ ಅಭಿಪ್ರಾಯವಿದ್ದ ಜಾಗದಲ್ಲಿ 300ರಿಂದ 900ರವರೆಗಿನ ಅಂಕ ಕುಳಿತಿತು. ಓವರ್‌ಡ್ರಾಫ್ಟ್ ಸತತ 90 ದಿನ ಮಿತಿಗಿಂತ ಮೇಲೆಯೇ ಉಳಿದರೆ ಅದು ಕೆಟ್ಟ ಸಾಲ. 2020ರ ಆಗಸ್ಟ್ 6ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕು, ಕ್ಯಾಶ್ ಕ್ರೆಡಿಟ್ ಅಥವಾ ಓವರ್‌ಡ್ರಾಫ್ಟ್ ಪಡೆದವರಿಗೆ ಚಾಲ್ತಿ ಖಾತೆಯನ್ನೇ ತೆರೆಯಬಾರದೆಂದಿತು. 2021ರ ಅಕ್ಟೋಬರಿನಲ್ಲಿ, ಒಟ್ಟು ಸಾಲ 5 ಕೋಟಿಗಿಂತ ಕಡಿಮೆಯಿರುವವರ ಮಟ್ಟಿಗೆ ಇದನ್ನು ಸಡಿಲಿಸಿತು. ಇತ್ತ ಕರಾವಳಿಯ ಹೆಸರುಗಳೂ ಅಳಿಯುತ್ತ ಬಂದವು: 2019ರ ಏಪ್ರಿಲ್ 1ರಂದು ವಿಜಯಾ, ಮರುವರ್ಷ ಅದೇ ದಿನ ಸಿಂಡಿಕೇಟ್ ಮತ್ತು ಕಾರ್ಪೊರೇಷನ್.

ಇಷ್ಟೆಲ್ಲ ಬಲ್ಲ ದಾಖಲೆಗೆ ತಿಳಿಯದ ಸಂಗತಿಯೊಂದಿದೆ. ನಮ್ಮ ಮಿತ್ರರ ಖಾತೆ ಮಿತಿ ಮೀರಿದ ತಿಂಗಳುಗಳನ್ನು ಅವರ ಬಿಲ್ಲುಗಳ ಜೊತೆಗಿಟ್ಟು ನಾವು ನೋಡಿದೆವು. ಪ್ರತಿ ಸಲವೂ ಸರಕು ಕೊಂಡವರ ಹಣ ಮೂರು ನಾಲ್ಕು ತಿಂಗಳು ತಡವಾಗಿತ್ತು. ಸಣ್ಣ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನಗಳಲ್ಲಿ ಪಾವತಿಯಾಗಬೇಕೆಂದು 2006ರ ಕಾಯಿದೆಯೇ ಹೇಳುತ್ತದೆ. ಕೊಂಡವರ ತಡ ಈ ಸಾಲದ ವರದಿಯಲ್ಲಿ ಎಲ್ಲಿಯೂ ಕಾಣುವುದಿಲ್ಲ. ಆ ತಡವನ್ನು ತುಂಬಿಕೊಟ್ಟು ಕಾರ್ಮಿಕರಿಗೆ ಹೊತ್ತಿಗೆ ಸರಿಯಾಗಿ ಸಂಬಳ ಕೊಟ್ಟವರ ಹೆಸರಿನ ಮುಂದೆ ಮಾತ್ರ ಗುರುತು ಬಿದ್ದಿದೆ. ಹಳೆಯ ಮ್ಯಾನೇಜರಿಗೆ ಇದು ಗೊತ್ತಿತ್ತು, ಆದರೆ ಅವರು ಅದನ್ನು ಎಲ್ಲಿಯೂ ಬರೆದಿಡಲಿಲ್ಲ.

ಹೊಸ ಬ್ಯಾಂಕಿನ ನಿರಾಕರಣೆಯನ್ನು ಅನ್ಯಾಯವೆಂದು ಕರೆಯಲು ನಾವು ಸಿದ್ಧರಿಲ್ಲ. ಅದರ ಹಿಂದೆ ಏರ್ ಪಟ್ಟಣವೂ ಇದೆ, ಅಕೋಲಾವೂ ಇದೆ. ಮಿತ್ರರು ಸದ್ಯಕ್ಕೆ ಹಳೆಯ ಶಾಖೆಗೇ ಮರಳಿದ್ದಾರೆ. ಓವರ್‌ಡ್ರಾಫ್ಟಿನಲ್ಲಿ ವರ್ಷವಿಡೀ ಇಳಿಯದ ಪಾಲನ್ನು ಅವಧಿಸಾಲವಾಗಿ ಬೇರ್ಪಡಿಸಲು ಅಲ್ಲಿಯ ಹೊಸ ಅಧಿಕಾರಿ ಒಪ್ಪಿದ್ದಾರೆ. ದೆಹೇಜಿಯಾ ತಂಡದ ಹೆಸರನ್ನು ಆಕೆ ಕೇಳಿರಲಿಲ್ಲವಂತೆ. ಅರ್ಜಿಯೊಡನೆ ಮಿತ್ರರು ಒಂದು ಪಟ್ಟಿಯನ್ನೂ ಲಗತ್ತಿಸಿದರು: ಯಾವ ಬಿಲ್ಲು ಎಂದು ಕೊಟ್ಟದ್ದು, ಹಣ ಎಂದು ಬಂದದ್ದು. ಕೇಳದಿದ್ದರೂ ಕೊಟ್ಟ ಆ ಹಾಳೆಯನ್ನು ಅಧಿಕಾರಿ ಓದಿ, ಸಹಿ ಹಾಕಿ, ಫೈಲಿಗೆ ಸೇರಿಸಿಕೊಂಡರಂತೆ.